ಗುಳಿಗೆ ಇದೆಯಲ್ಲ ಅಂದವರಿಗೆ

ಮಾನ್ಯರೇ,

ವೈದ್ಯಕೀಯ ಸಂಶೋಧನೆಗೆ ಅನುದಾನ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಕುರ್ಚಿಯಲ್ಲಿ ಕೂತಿರುವವರೇ, ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಹೆಪಟೈಟಿಸ್ ಸಿ ಎಂಬ ಲಿವರ್ ರೋಗಕ್ಕೆ ಲಸಿಕೆ ಹುಡುಕುತ್ತಿದ್ದ ಒಂದು ಅಧ್ಯಯನವನ್ನು ನೀವು ಮುಚ್ಚಿದ್ದೀರಿ. ಮುಚ್ಚಿದ್ದು ಸಾಲದೆಂಬಂತೆ, ಅದಕ್ಕಾಗಿ ನಮ್ಮಂಥವರು ವರ್ಷಗಟ್ಟಲೆ ಕೊಟ್ಟ ರಕ್ತದ ಮಾದರಿಗಳನ್ನು ‘ವಿಲೇವಾರಿ’ ಮಾಡಬೇಕೆಂದು ಆದೇಶಿಸಿದ್ದೀರಿ. ಆ ಮಾದರಿಗಳಲ್ಲಿ ನನ್ನ ರಕ್ತವಿದೆ. ನನ್ನ ಓರಗಿತ್ತಿಯ ರಕ್ತವಿದೆ, ಅವಳ ಲಿವರಿನ ಒಂದು ಚೂರೂ ಇದೆ. ಅವಳು ಮಾತ್ರ ಈಗ ಇಲ್ಲ.

ವಿಲೇವಾರಿ! ಎಂಥ ಅನುಕೂಲದ ಶಬ್ದ ನೋಡಿ. ಕಡತಕ್ಕೂ ಅದೇ, ಕಸಕ್ಕೂ ಅದೇ. ನಾನು ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿಗೆ ಸೇರಿ, ಕೊನೆಗೆ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ದಿಂಬಿನ ಚೀಲ ಹರಿದಿದೆ ಎಂದು ಹೋಟೆಲಿನವರು ದೂರಿದಾಗ ‘ವಿಷಾದಪೂರ್ವಕವಾಗಿ ಪರಿಶೀಲಿಸಲಾಗುತ್ತಿದೆ’ ಎಂದು ಉತ್ತರ ಬರೆಯುತ್ತಿದ್ದವಳೂ ನಾನೇ. ಹಾಗಾಗಿ ಏನೂ ಮಾಡದೆ ಇರುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಸೊಗಸಾದ ವಾಕ್ಯಗಳಿವೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ‘ಆದ್ಯತೆಗಳ ಮರುಹೊಂದಾಣಿಕೆಯ ಹಿನ್ನೆಲೆಯಲ್ಲಿ’ ಎಂದು ನಿಮ್ಮ ಆದೇಶ ಶುರುವಾಗುತ್ತದೆ. ಓದಿದಾಗ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಸ್ತಾಯಿತು. ಈ ಪತ್ರವನ್ನು ಆ ಸುಸ್ತಿನಲ್ಲೇ ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ಒರಟಾದರೆ ಕ್ಷಮಿಸಿ, ಮೆತ್ತಗಾದರೆ ಮಾತ್ರ ನಂಬಬೇಡಿ.

ನಮ್ಮಿಬ್ಬರ ಕತೆ ಹೇಳದೆ ನನ್ನ ವಾದ ನಿಲ್ಲುವುದಿಲ್ಲ, ಕೇಳಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು ನಾವು. ನಾನು ಹಿರಿಯವಳು, ಅವಳು ಕಿರಿಯವಳು. ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ‘ಕತ್ತರಿ’ ಎಂದೇ ಕರೆಯುತ್ತಿದ್ದರು. ಅವಳು ಹೊಲಿಗೆ ವಿಭಾಗದಲ್ಲಿದ್ದಳು ಎಂಬುದು ಅರ್ಧ ಕಾರಣ, ಉಳಿದರ್ಧ ಅವಳ ನಾಲಿಗೆ. ಮನೆಯಲ್ಲಿ ಜಗಳ, ಕೆಲಸದಲ್ಲಿ ಜಗಳ, ಆದರೆ ಹೋಗುವುದು ಬರುವುದು ಮಾತ್ರ ಜೊತೆಗೇ. ಆ ದಿನವೂ ಲಾಂಡ್ರಿಯ ವ್ಯಾನಿನ ಹಿಂಭಾಗದಲ್ಲಿ, ಚಾದರದ ಗಂಟುಗಳ ಮೇಲೆ ಕೂತು, ಅತ್ತೆಯ ಕನ್ನಡಿ ಬೀರು ಯಾರಿಗೆ ಸೇರಬೇಕೆಂದು ವಾದ ಮಾಡುತ್ತಿದ್ದೆವು. ಸೇತುವೆ ಇಳಿಯುವಾಗ ಟೈರು ಸಿಡಿಯಿತು, ವ್ಯಾನು ಮಗುಚಿತು. ಒಗೆದು ಮಡಿಸಿದ್ದ ಬಿಳಿ ಚಾದರಗಳ ನಡುವೆ ನಮ್ಮನ್ನು ಹುಡುಕಲು ಜನಕ್ಕೆ ಕಷ್ಟವಾಗಲಿಲ್ಲವಂತೆ. ಕೆಂಪಾಗಿದ್ದ ಕಡೆ ಹುಡುಕಿದರಂತೆ.

ಇಬ್ಬರಿಗೂ ಬಹಳ ರಕ್ತ ಹೋಗಿತ್ತು. ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ರಕ್ತ ಸಿಕ್ಕಿತು. ಒಬ್ಬರೇ ದಾನಿ, ಒಂದೇ ದಾನ. ಅದನ್ನು ಬೇರ್ಪಡಿಸಿ ಕೆಂಪು ಕಣಗಳ ಚೀಲವನ್ನು ನನಗೂ ಪ್ಲಾಸ್ಮಾ ಚೀಲವನ್ನು ಅವಳಿಗೂ ಏರಿಸಿದರು. ಬದುಕಿದೆವು. ಆಗ ಅಲ್ಲಿದ್ದ ಪರೀಕ್ಷೆ ರಕ್ತದಲ್ಲಿ ವೈರಸ್ಸನ್ನು ಹುಡುಕುತ್ತಿರಲಿಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತಿತ್ತು. ಸೋಂಕು ತಗುಲಿ ಹೆಚ್ಚು ದಿನವಾಗದಿದ್ದರೆ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ದಾನಿಗೆ ಆಗಿದ್ದೂ ಅದೇ. ಮೂರು ತಿಂಗಳಾದ ಮೇಲೆ ಆ ವ್ಯಕ್ತಿ ಮತ್ತೊಮ್ಮೆ ರಕ್ತ ಕೊಡಲು ಬಂದಾಗ ಸೋಂಕು ಪತ್ತೆಯಾಯಿತು, ಹಿಂದಿನ ಚೀಲಗಳು ಯಾರಿಗೆ ಹೋಗಿವೆ ಎಂದು ಹುಡುಕಿಕೊಂಡು ರಕ್ತನಿಧಿಯವರು ನಮ್ಮ ಮನೆಗೆ ಬಂದರು. ಆ ದಾನಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಒಳ್ಳೆಯದು ಮಾಡಲು ಬಂದವರು, ಅವರಿಗೇ ಗೊತ್ತಿರಲಿಲ್ಲ.

ಓರಗಿತ್ತಿಯರ ನಡುವೆ ರಕ್ತಸಂಬಂಧ ಇರುವುದಿಲ್ಲ. ನಮ್ಮಿಬ್ಬರಿಗೆ ಹೀಗೆ ಹೊಸದಾಗಿ ಒಂದು ಹುಟ್ಟಿತು.

ಆಗ ನಮ್ಮ ಬಾಳಿಗೆ ಬಂದವರು ನಾವು ‘ಲ್ಯಾಬ್ ಡಾಕ್ಟ್ರು’ ಎಂದು ಕರೆಯುವ ಹೆಂಗಸು. ಕೂದಲಿಗೆ ಪೆನ್ಸಿಲ್ ಚುಚ್ಚಿಕೊಂಡು ಗಂಟು ಕಟ್ಟಿಕೊಳ್ಳುತ್ತಿದ್ದರು, ಆಮೇಲೆ ಅದೇ ಪೆನ್ಸಿಲ್ ಎಲ್ಲಿ ಹೋಯಿತೆಂದು ಇಡೀ ಕೋಣೆ ಜಾಲಾಡುತ್ತಿದ್ದರು. ಅವರಿಗೆ ನಾವು ಅಪರೂಪದವರಾಗಿದ್ದೆವು. ಈ ರೋಗ ಸದ್ದಿಲ್ಲದೆ ಬರುತ್ತದೆ. ಬಹಳಷ್ಟು ಜನರಿಗೆ ತಮಗದು ತಗುಲಿದೆ ಎಂದು ತಿಳಿಯುವುದೇ ಲಿವರ್ ಹಾಳಾದ ಮೇಲೆ. ಆದರೆ ನಮ್ಮಿಬ್ಬರಿಗೆ ಒಂದೇ ದಿನ, ಒಂದೇ ಕಡೆಯಿಂದ, ಒಂದೇ ವೈರಸ್ಸು ಬಂದಿತ್ತು. ಅದು ಬೇಗನೆ ಗೊತ್ತೂ ಆಗಿತ್ತು. “ನಿಮ್ಮಿಬ್ಬರ ದೇಹ ಏನು ಮಾಡುತ್ತೆ ಅಂತ ನೋಡಬೇಕು. ರಕ್ತ ಕೊಡ್ತೀರಾ?” ಎಂದರು.

ಕತ್ತರಿ ಕೇಳಿದಳು, “ಕೊಟ್ಟರೆ ನಮಗೇನು ಸಿಗುತ್ತೆ?”

ಲ್ಯಾಬ್ ಡಾಕ್ಟ್ರು ಸುಳ್ಳು ಹೇಳಲಿಲ್ಲ. “ನಿಮಗೆ ಏನೂ ಸಿಗಲಿಕ್ಕಿಲ್ಲ. ಮುಂದೆ ಯಾರಿಗಾದರೂ ಲಸಿಕೆ ಸಿಗಬಹುದು.”

“ಯಾರಿಗಾದರೂ ಅಂದರೆ ಯಾರಿಗೆ?”

“ಗೊತ್ತಿಲ್ಲ. ಇನ್ನೂ ಹುಟ್ಟಿರಲಿಕ್ಕಿಲ್ಲ.”

ಕತ್ತರಿ ಸ್ವಲ್ಪ ಯೋಚಿಸಿ ತೋಳು ಚಾಚಿದಳು. “ಹುಟ್ಟದೆ ಇರೋರು ಜಗಳಕ್ಕೆ ಬರಲ್ಲ. ತಗೊಳ್ಳಿ.”

ಮಾನ್ಯರೇ, ನಿಮ್ಮ ಆದೇಶದಲ್ಲಿ ‘ಹಳೆಯ ಜೈವಿಕ ಸಾಮಗ್ರಿ’ ಎಂದು ಬರೆದಿದೆಯಲ್ಲ, ಅದು ಬಂದದ್ದು ಹೀಗೆ.

ಮೊದಮೊದಲು ವಾರವಾರ ಹೋದೆವು. ಆಮೇಲೆ ತಿಂಗಳಿಗೊಮ್ಮೆ. ಕೆಲವು ತಿಂಗಳಾದ ಮೇಲೆ ಲ್ಯಾಬ್ ಡಾಕ್ಟ್ರು ನಮ್ಮನ್ನು ಕೂರಿಸಿಕೊಂಡು, ನನ್ನ ರಕ್ತದಲ್ಲಿ ವೈರಸ್ಸು ಮಾಯವಾಗಿದೆ, ಮತ್ತೆ ಮತ್ತೆ ನೋಡಿದರೂ ಇಲ್ಲ ಎಂದರು. ಔಷಧವಿಲ್ಲ, ಚಿಕಿತ್ಸೆಯಿಲ್ಲ, ತಾನಾಗಿಯೇ ಹೋಗಿತ್ತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹಾಗಾಗುತ್ತದಂತೆ. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ಎದ್ದು ಕುಣಿಯಬೇಕೆನಿಸಿತು. ಪಕ್ಕಕ್ಕೆ ತಿರುಗಿದೆ. ಕತ್ತರಿಯ ಮುಖ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲದೆ ಇತ್ತು.

“ನನ್ನದು?” ಎಂದಳು.

“ನಿಮ್ಮಲ್ಲಿ ಇನ್ನೂ ಇದೆ.”

“ಸರಿ ಬಿಡಿ,” ಎಂದಳು ನನ್ನ ಕಡೆ ನೋಡಿ, “ಮನೇಲಿ ದೊಡ್ಡ ರೂಮೂ ಇವರಿಗೇ, ಒಳ್ಳೆ ರಕ್ತಾನೂ ಇವರಿಗೇ.”

ನಾವು ಮೂವರೂ ನಕ್ಕೆವು. ಅವಳು ಜಗಳವಾಡದೆ ಮನೆ ತಲುಪಿದ್ದು ಅದೇ ಮೊದಲು.

ಯಾಕೆ ಹೀಗೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನೀವು ಮುಚ್ಚಿದ ಅಧ್ಯಯನದ ಕೆಲಸವಾಗಿತ್ತು. ಲ್ಯಾಬ್ ಡಾಕ್ಟ್ರು ವರ್ಷಗಳ ಕಾಲ ನಮಗೆ ಬಿಡಿಸಿ ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ತಪ್ಪಿದ್ದರೆ ಅದು ನನ್ನದು. ದೇಹದಲ್ಲಿ ಕಾವಲು ಕಾಯುವ ಜೀವಕೋಶಗಳಿರುತ್ತವೆ. ಸೋಂಕು ತಗುಲಿದ ಜೀವಕೋಶವನ್ನು ಗುರುತಿಸಿ ಕೊಲ್ಲುವವು ಕೆಲವು, ಅವಕ್ಕೆ ಹುರುಪು ತುಂಬಿ ಬೆನ್ನ ಹಿಂದೆ ನಿಲ್ಲುವವು ಇನ್ನು ಕೆಲವು. ಇವಲ್ಲದೆ ವೈರಸ್ಸು ಒಳಗೆ ನುಗ್ಗುವ ಮೊದಲೇ ಅದನ್ನು ಹಿಡಿದುಹಾಕುವ ಪ್ರತಿಕಾಯಗಳು. ನನ್ನ ಕಾವಲುಗಾರರು ವೈರಸ್ಸಿನ ಮೂಗನ್ನಷ್ಟೇ ಅಲ್ಲ, ಕಿವಿ, ಕಾಲು, ಬೆನ್ನು ಎಲ್ಲವನ್ನೂ ಒಟ್ಟಿಗೆ ಗುರುತು ಹಿಡಿದರಂತೆ. ಬೆನ್ನ ಹಿಂದಿನವರು ಕೊನೆತನಕ ಕೈ ಬಿಡಲಿಲ್ಲವಂತೆ. ಅವಳ ಕಾವಲುಗಾರರೂ ಚೆನ್ನಾಗಿಯೇ ಶುರುಮಾಡಿದರು. ಆದರೆ ಈ ವೈರಸ್ಸಿಗೆ ಒಂದು ಮುಖ ಅಂತ ಇಲ್ಲ, ಒಬ್ಬರ ದೇಹದೊಳಗೇ ದಿನದಿನವೂ ವೇಷ ಬದಲಿಸುತ್ತದೆ. ಅವಳವರು ಹಿಡಿಯುವಷ್ಟರಲ್ಲಿ ಅದು ಬೇರೆಯೇ ಆಗಿರುತ್ತಿತ್ತು. ಬೆನ್ನ ಹಿಂದಿನವರು ಚದುರಿಹೋದರು, ಮುಂದಿನವರು ದಣಿದರು.

“ದಣಿದರು ಅಂದರೆ ಸತ್ತರಾ?” ಎಂದು ಕತ್ತರಿ ಕೇಳಿದ್ದಳು.

“ಇಲ್ಲ. ಇದ್ದಾರೆ. ಶತ್ರು ಎದುರಿಗಿದ್ದಾನೆ ಅಂತ ಗೊತ್ತೂ ಇದೆ. ಕೈ ಎತ್ತೋ ಶಕ್ತಿ ಇಲ್ಲ. ನಮ್ಮ ಶಾಸ್ತ್ರದಲ್ಲೂ ಅದನ್ನ ದಣಿವು ಅಂತಲೇ ಕರೀತೀವಿ.”

“ಹಾಗಾದರೆ ಅವಕ್ಕೆ ರಜೆ ಕೊಡಿ ಡಾಕ್ಟ್ರೇ. ನಮಗಂತೂ ಲಾಂಡ್ರಿಯಲ್ಲಿ ಯಾರೂ ಕೊಡಲಿಲ್ಲ.”

ಆ ಕಾಲದ ಚಿಕಿತ್ಸೆ ಚುಚ್ಚುಮದ್ದಿನದು. ವಾರವಾರ ಜ್ವರ, ನಡುಕ, ಕೂದಲುದುರುವುದು, ಕಾರಣವಿಲ್ಲದ ಅಳು. ಅಳುವ ಕತ್ತರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳ ಮಗಳು ಆಗ ಚಿಕ್ಕವಳು, ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಸೆರಗು ಹಿಡಿದು, “ದೊಡ್ಡಮ್ಮ, ಅಮ್ಮನಿಗೆ ಯಾರು ಬೈದರು?” ಎಂದು ಕೇಳುತ್ತಿದ್ದಳು. ಅಷ್ಟು ಪಟ್ಟರೂ ವೈರಸ್ಸು ಹೋಗಲಿಲ್ಲ, ಚಿಕಿತ್ಸೆ ನಿಲ್ಲಿಸಿದರು. ಅವಳು ಮರಳಿ ಹೊಲಿಗೆ ಯಂತ್ರಕ್ಕೆ ಕೂತಳು. ಕೈಕಾಲು ಬಾತುಕೊಳ್ಳುವವರೆಗೂ ಕೂತಿದ್ದಳು.

ಕೊನೆಗೆ ನೀವು ಹೆಮ್ಮೆಯಿಂದ ಹೇಳುವ ಗುಳಿಗೆಗಳು ಬಂದವು. ಅವು ಅದ್ಭುತವೇ ಹೌದು, ಅದನ್ನು ಅಲ್ಲಗಳೆದರೆ ನನ್ನ ನಾಲಿಗೆ ಬಿದ್ದುಹೋದೀತು. ಕೆಲವು ವಾರ ನುಂಗಿದಳು, ವೈರಸ್ಸು ಹೋಯಿತು. ಮನೆಯಲ್ಲಿ ಎಲ್ಲರೂ ಗೆದ್ದೆವೆಂದು ಕುಣಿದಾಡಿದೆವು. ಆದರೆ ಬೆಂಕಿ ಆರಿಸಿದ ಮಾತ್ರಕ್ಕೆ ಸುಟ್ಟ ಮನೆ ಎದ್ದು ನಿಲ್ಲುತ್ತದೆಯೇ? ಅವಳ ಲಿವರು ಅಷ್ಟರಲ್ಲಿ ಗಾಯದ ಕಲೆಗಳಿಂದ ಗಟ್ಟಿಯಾಗಿ ಕಲ್ಲಾಗಿತ್ತು. ಅಂಥ ಲಿವರಿನಲ್ಲಿ ವೈರಸ್ಸು ಹೋದ ಮೇಲೂ ಕ್ಯಾನ್ಸರ್ ಹುಟ್ಟಬಹುದು. ಹುಟ್ಟಿತು.

ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಲ್ಯಾಬ್ ಡಾಕ್ಟ್ರು ಕೂತಿದ್ದಾಗ ಅವಳು ಕೇಳಿದ ಪ್ರಶ್ನೆಯನ್ನು ನಿಮ್ಮ ಸಮಿತಿಯ ಯಾರೂ ಕೇಳಿರಲಿಕ್ಕಿಲ್ಲ. “ಈಗ ಶತ್ರು ಹೋದನಲ್ಲ, ನನ್ನ ಕಾವಲುಗಾರರು ಎದ್ದರಾ?”

ಲ್ಯಾಬ್ ಡಾಕ್ಟ್ರು ತಲೆಯಾಡಿಸಿದರು. “ಸ್ವಲ್ಪ ಎದ್ದಿದ್ದಾರೆ. ಪೂರ್ತಿ ಇಲ್ಲ. ಒಂದು ಸಲ ಅಷ್ಟು ದಣಿದವರು ಮೊದಲಿನ ಹಾಗೆ ಆಗೋದು ಕಷ್ಟ. ಯಾಕೆ ಅಂತ ನೋಡಬೇಕು.”

“ಎಲ್ಲಿ ನೋಡ್ತೀರಿ?”

“ರಕ್ತದಲ್ಲಿ ಸ್ವಲ್ಪ ಕಾಣುತ್ತೆ. ನಿಜವಾಗಿ ಯುದ್ಧ ನಡೆದದ್ದು ಲಿವರಲ್ಲಿ.”

“ಹಾಗಾದರೆ ಅದನ್ನೂ ತಗೊಳ್ಳಿ. ನನಗಂತೂ ಉಪಯೋಗಕ್ಕೆ ಬರಲಿಲ್ಲ, ನಿಮಗಾದರೂ ಬರಲಿ.” ಆಮೇಲೆ ನನ್ನ ಕೈ ಹಿಡಿದು, “ಅಕ್ಕ, ಇವರು ನಿಮ್ಮ ರಕ್ತಾನೇ ಹೊಗಳ್ತಾ ಕೂರದ ಹಾಗೆ ನೋಡ್ಕೊಳ್ಳಿ,” ಎಂದಳು. ಅವಳು ಹೋದ ಮೇಲೆ ಬೀರು ನನ್ನ ಕೋಣೆಗೆ ಬಂತು. ಅದರ ಕನ್ನಡಿಯ ಮುಂದೆ ನಿಲ್ಲುವುದು ನನ್ನಿಂದಾಗುವುದಿಲ್ಲ, ಬಟ್ಟೆ ಹೊದಿಸಿದ್ದೇನೆ.

ಇಷ್ಟಾದರೂ ನಾನು ನಿಮಗೆ ಬರೆಯುತ್ತಿರಲಿಲ್ಲ. ಸತ್ತವರಿಗಾಗಿ ಅಧಿಕಾರಿಗಳಿಗೆ ಪತ್ರ ಬರೆದು ಯಾರಿಗೆ ಏನು ಸಿಕ್ಕಿದೆ? ಬರೆಯುತ್ತಿರುವುದು ಅವಳ ಮಗಳಿಗಾಗಿ. ಅಮ್ಮನ ಆಸ್ಪತ್ರೆವಾಸ ನೋಡಿ ನೋಡಿ ಆ ಹುಡುಗಿ ನರ್ಸಾದಳು. ಈಗ ಡಯಾಲಿಸಿಸ್ ವಿಭಾಗದಲ್ಲಿದ್ದಾಳೆ. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡುವ ಜಾಗ ಅದು. ಅಲ್ಲಿಗೆ ಬರುವ ಒಬ್ಬ ಚಿತ್ರಕಲೆಯ ಮೇಷ್ಟ್ರಿಗೆ ಈ ರೋಗ ಬಂದು, ಗುಳಿಗೆಯಲ್ಲಿ ವಾಸಿಯಾಗಿತ್ತು. ವಾಸಿಯಾದ ಖುಷಿಗೆ ಇಡೀ ವಾರ್ಡಿನವರ ಚಿತ್ರ ಬರೆದುಕೊಟ್ಟಿದ್ದರಂತೆ. ಈಚೆಗೆ ಅವರಿಗೆ ಅದು ಮತ್ತೆ ಬಂತು. ಹಳೆಯದು ಮರುಕಳಿಸಿದ್ದಲ್ಲ, ಹೊಸ ಸೋಂಕು. “ಒಂದು ಸಲ ಬಂದು ಹೋದಮೇಲೆ ಬರಲ್ಲ ಅಂದ್ಕೊಂಡಿದ್ದೆ ಸಿಸ್ಟರ್,” ಎಂದು ಅವರು ಮಗಳ ಹತ್ತಿರ ಮತ್ತೆ ಮತ್ತೆ ಹೇಳಿದರಂತೆ, ತಪ್ಪು ತಮ್ಮದೇ ಎಂಬಂತೆ.

ಅವರಿಗೆ ಹಾಕಿದ್ದ ಸೂಜಿಯನ್ನು ತೆಗೆಯುವಾಗ ಅವರು ಬೆಚ್ಚಿಬಿದ್ದರು. ಸೂಜಿ ಮಗಳ ಬೆರಳಿಗೆ ಚುಚ್ಚಿತು.

ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಮುಖ ನೋಡಿದ ಕೂಡಲೇ ನನಗೆ ಅವಳಮ್ಮ ಕಂಡಳು. “ದೊಡ್ಡಮ್ಮ, ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತ ಕೇಳಿದರು. ಆಗಿದೆ ಅಂದೆ. ಸರಿ, ಅದರ ಭಯ ಇಲ್ಲ ಅಂದರು. ಹಾಗಾದರೆ ಹೆಪಟೈಟಿಸ್ ಸಿಗೆ? ಅಂತ ಕೇಳಿದೆ.”

“ಏನಂದರು?”

“ಕಾಯಿರಿ ಅಂದರು.”

ಕಾದೆವು. ಕಾಯುವುದು ಎಂದರೆ ಏನೆಂದು ನಿಮಗೆ ಹೇಗೆ ವಿವರಿಸಲಿ? ಅವಳು ಗಂಡನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದು ಬಿಟ್ಟಳು. ಊಟದಿಂದ ಬರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಿಟ್ಟಳು. ತನ್ನ ಟವಲ್ಲನ್ನು ಬೇರೆ ಒಗೆದು ಬೇರೆ ಒಣಗಿಸಿದಳು. ಕನ್ನಡಿಯಲ್ಲಿ ಕಣ್ಣಿನ ಬಿಳಿಯನ್ನು ಎಳೆದು ಎಳೆದು ನೋಡಿಕೊಂಡಳು. ಪರೀಕ್ಷೆ, ಮತ್ತೆ ಪರೀಕ್ಷೆ. ಕೊನೆಗೆ ಇಲ್ಲವೆಂದು ಬಂತು. ಈ ಸಲ ಬರಲಿಲ್ಲ. ನಾವು ಅತ್ತದ್ದು ಆಮೇಲೆ. ಮಾರನೆಯ ವಾರ ಅವಳು ಅದೇ ಮೇಷ್ಟ್ರ ತೋಳಿಗೆ ಅದೇ ಥರದ ಸೂಜಿ ಚುಚ್ಚಲು ಹೋದಳು, ಯಾಕೆಂದರೆ ಯಾರಾದರೂ ಹೋಗಲೇಬೇಕಲ್ಲ.

ನಾವು ಹಾಗೆ ಕಾಯುತ್ತಿದ್ದಾಗಲೇ ನಿಮ್ಮ ಆದೇಶ ಹೊರಬಿದ್ದದ್ದು. ಅದಾದ ಮೇಲೆ ಅಧ್ಯಯನಕ್ಕೆ ರಕ್ತ ಕೊಟ್ಟವರ ಪರವಾಗಿ ಮಾತಾಡಲು ನಿಮ್ಮ ಕಚೇರಿಯ ಸಭೆಗೆ ನಾನು ಬಂದಿದ್ದೆ. ನೆನಪಿದೆಯೇ? ನೀರಿನ ಬಾಟಲಿಗಳ ಹಿಂದೆ ನೀವು ಕೂತಿದ್ದಿರಿ. ಲ್ಯಾಬ್ ಡಾಕ್ಟ್ರು ನಮ್ಮ ಕತೆಯನ್ನು ಚಿತ್ರಪಟಗಳಲ್ಲಿ ತೋರಿಸುತ್ತಿದ್ದಾಗ ನೀವು ಗಡಿಯಾರ ನೋಡಿದಿರಿ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೃದುವಾಗಿಯೇ, “ಅಮ್ಮಾ, ಗುಳಿಗೆ ಇದೆಯಲ್ಲ, ಇನ್ನು ಲಸಿಕೆ ಯಾಕೆ?” ಎಂದಿರಿ. “ಅದೂ ಅಲ್ಲದೆ, ಎಲ್ಲೋ ಒಂದು ಲಸಿಕೆ ಪ್ರಯೋಗ ಮಾಡಿ ಸೋತಾಯ್ತು. ಸೋತ ಕುದುರೆಗೆ ಹುಲ್ಲು ಹಾಕೋಕಾಗುತ್ತಾ? ಮಾದರಿ ಇಟ್ಟಿರೋ ಜಾಗ ಬೇರೆ ಕೆಲಸಕ್ಕೆ ಬೇಕು.” ಎಲ್ಲರೂ ಸಣ್ಣಗೆ ನಕ್ಕರು. ಕತ್ತರಿ ಇದ್ದಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು ನಿಮಗೆ. ನಾನು ನಿಧಾನದವಳು, ಈಗ ಕೊಡುತ್ತಿದ್ದೇನೆ.

ಗುಳಿಗೆ ಇದೆ, ಸ್ವಾಮಿ. ರೋಗ ಇದೆಯೆಂದು ಗೊತ್ತಾದವರಿಗೆ ಇದೆ. ಗೊತ್ತೇ ಆಗದವರಿಗೆ ಯಾರು ನುಂಗಿಸುತ್ತಾರೆ? ಗುಳಿಗೆ ವೈರಸ್ಸನ್ನು ಓಡಿಸುತ್ತದೆ, ಕಲ್ಲಾದ ಲಿವರನ್ನು ಹೂವು ಮಾಡುವುದಿಲ್ಲ. ನಾಳೆ ಅದೇ ವೈರಸ್ಸು ಮತ್ತೆ ಬಂದರೆ ತಡೆಯುವುದೂ ಇಲ್ಲ, ಬೇಕಾದರೆ ಮೇಷ್ಟ್ರನ್ನು ಕೇಳಿ. ನೆಲ ಒರೆಸುವ ಬಟ್ಟೆ ಒಳ್ಳೆಯದಿದೆ ಎಂದು ಯಾರಾದರೂ ನಲ್ಲಿಯನ್ನು ತಿರುಗಿಸದೆ ಬಿಡುತ್ತಾರೆಯೇ? ನಿಮ್ಮ ಮನೆಯಲ್ಲಿ ಬಿಡುತ್ತೀರಾ?

ಇನ್ನು ಸೋತ ಕುದುರೆಯ ಮಾತು. ಹೌದು, ಸೋತಿತು. ಆ ಲಸಿಕೆ ಕಾವಲುಗಾರರನ್ನು ಎಬ್ಬಿಸಿತು, ಆದರೂ ವೈರಸ್ಸು ದೇಹದಲ್ಲಿ ಬೀಡುಬಿಡುವುದನ್ನು ತಡೆಯಲಿಲ್ಲ. ಹಾಗಾದರೆ ಎಬ್ಬಿಸುವುದಷ್ಟೇ ಸಾಲದೇನೋ, ಬಾಗಿಲಲ್ಲೇ ಹಿಡಿಯುವ ಪ್ರತಿಕಾಯಗಳೂ ಜೊತೆಗೆ ಬೇಕೇನೋ ಎಂದು ಲ್ಯಾಬ್ ಡಾಕ್ಟ್ರಂಥವರು ಯೋಚಿಸುತ್ತಿದ್ದಾರೆ. ಸೋಲು ಎಂದರೆ ಇದೇ ಅಲ್ಲವೇ, ಇನ್ನೆಲ್ಲಿ ಹುಡುಕಬೇಕೆಂದು ಹೇಳುವುದು? ಒಮ್ಮೆ ತಾವಾಗಿಯೇ ವಾಸಿಯಾದ ನನ್ನಂಥವರಿಗೆ ಮತ್ತೆ ಸೋಂಕು ತಗುಲಿದರೆ, ಬಹಳ ಜನ ಅದನ್ನು ಎರಡನೇ ಸಲವೂ ಬೇಗ ಓಡಿಸುತ್ತಾರಂತೆ. ಎಂದರೆ ದೇಹಕ್ಕೆ ಈ ವಿದ್ಯೆ ಬರುತ್ತದೆ. ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಒಂದೇ ವೈರಸ್ಸನ್ನು ಒಂದೇ ದಿನ ಪಡೆದ ಇಬ್ಬರು ಹೆಂಗಸರು, ಒಬ್ಬಳಿಗೆ ಆ ವಿದ್ಯೆ ಬಂತು, ಒಬ್ಬಳಿಗೆ ಬರಲಿಲ್ಲ. ಮೊದಲ ತಿಂಗಳುಗಳಿಂದ ಹಿಡಿದು ಕೊನೆಯವರೆಗಿನ ಅವರ ರಕ್ತ ನಿಮ್ಮ ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿದೆ. ಆ ತಿಂಗಳುಗಳು ಮತ್ತೆ ಬರುವುದಿಲ್ಲ. ಅವನ್ನು ಎಸೆದು ನೀವು ಆ ಜಾಗದಲ್ಲಿ ಇಡುವುದಾದರೂ ಏನನ್ನು?

ಸಭೆ ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ಲ್ಯಾಬ್ ಡಾಕ್ಟ್ರು ಕೂತರು. ಕೂದಲು ಬೆಳ್ಳಗಾಗಿದೆ, ಪೆನ್ಸಿಲ್ ಹಾಗೇ ಇತ್ತು. “ನನಗೂ ಸಾಕಾಗಿದೆ ಕಣ್ರೀ,” ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ನಾನು ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು, “ಬನ್ನಿ, ಈ ವರ್ಷದ್ದು ರಕ್ತ ಕೊಟ್ಟಿಲ್ಲ ನೀವು. ಅಧ್ಯಯನ ಮುಚ್ಚೋ ತಾರೀಖು ಇನ್ನೂ ಬಂದಿಲ್ಲ,” ಎಂದರು. ಹೋಗಿ ಕೊಟ್ಟು ಬಂದೆ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಲಸಿಕೆ ಬಂದೇ ಬರುತ್ತದೆಂದು ಬರೆದುಕೊಡಿ ಎಂದು ಕೇಳುತ್ತಿಲ್ಲ. ಲ್ಯಾಬ್ ಡಾಕ್ಟ್ರೇ ಹಾಗೆ ಹೇಳುವುದಿಲ್ಲ. ಆದೇಶವನ್ನು ಹಿಂದಕ್ಕೆ ಪಡೆಯಿರಿ, ಅಧ್ಯಯನ ಮುಂದುವರಿಯಲಿ. ನಿಮ್ಮಿಂದ ಅದು ಆಗದಿದ್ದರೆ ಆ ಮಾದರಿಗಳನ್ನು ಜಾಗವೂ ಮನಸ್ಸೂ ಇರುವ ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿಕೊಡಿ. ನನ್ನ ಒಪ್ಪಿಗೆ ಇಲ್ಲೇ ಕೊಟ್ಟಿದ್ದೇನೆ, ಅವಳದ್ದನ್ನು ಮಗಳು ಕೊಡುತ್ತಾಳೆ.

ಅದೂ ಆಗದು, ಎಸೆಯಲೇಬೇಕು ಎನ್ನುವುದಾದರೆ, ಆ ಕೆಲಸವನ್ನು ಗುತ್ತಿಗೆಯವರಿಗೆ ವಹಿಸಬೇಡಿ. ನೀವೇ ಬನ್ನಿ. ನಿಮ್ಮ ಕೈಯಿಂದಲೇ ಅವಳ ಡಬ್ಬಿಯನ್ನು ಹೊರತೆಗೆಯಿರಿ. ಯಾರನ್ನಾದರೂ ಕೊನೆಯ ಸಲ ಕಳಿಸಿಕೊಡುವಾಗ ಮನೆಯವರಿಗೆ ತಿಳಿಸುವುದು ಮನುಷ್ಯರ ಪದ್ಧತಿ. ನಾನೂ ಮಗಳೂ ಬರುತ್ತೇವೆ. ದಿನ ತಿಳಿಸಿ.

ಇಂತಿ,
ಯಾಕೆ ವಾಸಿಯಾದೆನೆಂದು ಈವರೆಗೂ ಯಾರಿಂದಲೂ ಪೂರ್ತಿ ತಿಳಿಯದ
ಹಿರಿ ಓರಗಿತ್ತಿ